ಸೊಂಟದೆತ್ತರದ ಗೆರೆ

ನಮ್ಮ ಮನೆಯ ಗೋಡೆಯ ಮೇಲೆ ಒಂದು ಗೆರೆ ಇತ್ತು. ಅತ್ತೆಯ ಕೋಣೆಯ ಬಾಗಿಲಲ್ಲಿ ಶುರುವಾಗಿ, ನಡುಮನೆಯ ಉದ್ದಕ್ಕೂ ಹಾದು, ಬಚ್ಚಲಿನ ಬಾಗಿಲು ದಾಟಿ, ಅಡುಗೆಮನೆಯೊಳಗೆ ಹೋಗಿ ಮುಗಿಯುತ್ತಿತ್ತು. ಸರಿಯಾಗಿ ಸೊಂಟದೆತ್ತರ, ಅಂಗೈಯಗಲ. ಬಣ್ಣ ಕಪ್ಪು ಎಂದರೂ ಸರಿ, ಕಂದು ಎಂದರೂ ಸರಿ, ಹೊಲಸು ಎಂದರೆ ಇನ್ನೂ ಸರಿ.

ಏಳು ವರ್ಷದ ಹಿಂದೆ ಅತ್ತೆಯ ಕಣ್ಣು ಪೂರ್ತಿ ಹೋಯಿತು. ಡಾಕ್ಟರು ಕೋಲು ಕೊಟ್ಟರೆ, “ಕೋಲು ಹಿಡಿಯೋಕೆ ನಾನೇನು ದನ ಕಾಯೋಕೆ ಹೊರಟಿದ್ದೀನಾ?” ಎಂದು ಅದನ್ನು ಮಂಚದ ಕೆಳಗೆ ತಳ್ಳಿಬಿಟ್ಟರು. ಅವತ್ತಿನಿಂದ ಗೋಡೆಯೇ ಅವರಿಗೆ ದಾರಿ. ಹೋಗುವಾಗ ಎಡಗೈ, ಬರುವಾಗ ಬಲಗೈ ಸವರಿಕೊಂಡು ಓಡಾಡುವುದು. ಆ ಕೈಗಳಿಗೋ ಸದಾ ಮಂಡಿನೋವಿನ ಎಣ್ಣೆ. ನಾನು ವಾರಕ್ಕೊಮ್ಮೆ ಸೋಪಿನ ನೀರಿನಲ್ಲಿ ಗೋಡೆ ಉಜ್ಜುವುದು, ಉಜ್ಜುತ್ತಾ ಬೈಯುವುದು.

“ಎಣ್ಣೆ ಕೈ ಒರೆಸ್ಕೊಂಡು ಓಡಾಡೋಕೆ ಏನು ಕಷ್ಟ ನಿಮಗೆ?”

“ಒರೆಸ್ಕೊಂಡ್ರೆ ನಿನಗೆ ಬೈಯೋಕೆ ಏನೂ ಉಳಿಯಲ್ಲ ಅಂತ, ಪಾಪ.”

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಸುಳ್ಳು ಯಾಕೆ ಹೇಳಲಿ. ನಾನು ಟೈಲರ್. ನಡುಮನೆಯ ಕಿಟಕಿಯ ಬಳಿ ನನ್ನ ಮೆಷಿನ್, ಅದರ ಪಕ್ಕದ ಕುರ್ಚಿಯಲ್ಲಿ ಅತ್ತೆ. ಅಂಗಿಯ ಗುಂಡಿಗಳನ್ನು ಬೆರಳಲ್ಲಿ ತಡವಿ ನೋಡಿ ಹನ್ನೆರಡು ಡಬ್ಬಿಗಳಿಗೆ ಬೇರೆ ಬೇರೆ ಮಾಡಿ ಹಾಕುವುದು ಅವರ ಕೆಲಸ. ಎರಡು ತೂತಿನದು, ನಾಲ್ಕು ತೂತಿನದು, ಕೋಟಿನದು, ಮರದ್ದು. ಒಂದು ದಿನವೂ ತಪ್ಪಿಲ್ಲ. ದಿನವಿಡೀ ನಾವಿಬ್ಬರೂ ಕಾಲು ಕೆರೆದು ಜಗಳ ಆಡುತ್ತಾ ದುಡಿಯುತ್ತಿದ್ದೆವು. ಬಟ್ಟೆ ಹೊಲಿಸಲು ಬಂದವರು ನಮ್ಮ ಜಗಳ ಕೇಳುತ್ತಾ ಅಳತೆ ಕೊಡುವುದನ್ನೇ ಮರೆಯುತ್ತಿದ್ದರು.

ಹಾಗಿರುವಾಗ ಒಂದು ಬೆಳಗ್ಗೆ ಹೊಳೆ ನಮ್ಮ ಬೀದಿಗೇ ಬಂತು. ನಮ್ಮ ಯಜಮಾನರು ಬಸ್ ಡ್ರೈವರ್. ಪುಣ್ಯಕ್ಕೆ ಅವತ್ತು ಮನೆಯಲ್ಲಿದ್ದರು. ಅತ್ತೆಯನ್ನು ಬೆನ್ನ ಮೇಲೆ ಹೊತ್ತು ಅವರು, ಕೈಗೆ ಸಿಕ್ಕ ಎರಡು ಚೀಲ ಹಿಡಿದು ನಾನು, ದಿಬ್ಬದ ಮೇಲಿನ ಶಾಲೆಗೆ ಓಡಿದೆವು. ಮೂರನೆಯ ದಿನ ನನ್ನ ನಾದಿನಿ ಬಂದು ತಾಯಿಯನ್ನು ತನ್ನ ಮನೆಗೆ ಕರೆದುಕೊಂಡು ಹೋದಳು. ನಾವಿಬ್ಬರೂ ಮನೆಯ ಕಡೆ ನಡೆದೆವು.

ಬಾಗಿಲು ನೀರು ಕುಡಿದು ಉಬ್ಬಿತ್ತು. ಯಜಮಾನರು ಭುಜ ಕೊಟ್ಟು ಗುದ್ದಿದ ಮೇಲೆ ತೆರೆದುಕೊಂಡಿತು. ಒಳಗೆ ಮೊಣಕಾಲುದ್ದ ಕೆಸರು. ಫ್ರಿಜ್ಜು ಬೋರಲು ಬಿದ್ದಿತ್ತು. ಅಕ್ಕಪಕ್ಕದವರೂ ಸೇರಿ ನಾಲ್ಕು ಜನ ಎತ್ತಿದರೂ ಹಾಸಿಗೆ ಮೇಲೇಳಲಿಲ್ಲ. ಮೆಷಿನ್ನಿನ ಚಕ್ರ ತಿರುಗಿಸಿದರೆ ಸೂಜಿಯ ಬದಲು ಕೆಸರು ಇಳಿಯಿತು. ನಾನು ತಲೆಯ ಮೇಲೆ ಕೈ ಹೊತ್ತು ಹೊಸಿಲ ಮೇಲೆ ಕೂತು, ಜೋರಾಗಿ ಅತ್ತುಬಿಟ್ಟೆ. ಆಮೇಲೆ ಎದ್ದು ಸೆರಗು ಸಿಕ್ಕಿಸಿ ಹಲಗೆ ಹಿಡಿದೆ. ಕೆಸರು ಒಣಗುವ ಮುಂಚೆ ಹೊರಗೆ ತಳ್ಳಬೇಕಿತ್ತು.

ಐದು ದಿನ ತಳ್ಳಿದೆವು. ಮೆಷಿನ್ನನ್ನು ಬಿಚ್ಚಿ ಎಣ್ಣೆಯಲ್ಲಿ ನೆನೆಹಾಕಿದೆ, ಬದುಕಿಕೊಂಡಿತು. ಗುಂಡಿಯ ಡಬ್ಬಿಗಳೆಲ್ಲ ಮಗುಚಿ, ಹನ್ನೆರಡು ಜಾತಿಯ ಗುಂಡಿಗಳೂ ಕೆಸರಿನಲ್ಲಿ ಒಂದಾಗಿದ್ದವು. ಎಸೆಯೋಣ ಅಂದುಕೊಂಡೆ, ಮನಸ್ಸು ಬರಲಿಲ್ಲ. ಚಹಾ ಸೋಸುವ ಜಾಲರಿಯಲ್ಲಿ ಹಿಡಿಹಿಡಿ ತೊಳೆದು ಒಂದು ಬಕೆಟ್ಟಿಗೆ ತುಂಬಿಟ್ಟೆ.

ಗೋಡೆ ನೋಡಲು ಗಾರೆ ಮೇಸ್ತ್ರಿ ಬಂದರು. ನೀರು ನಿಂತ ಗುರುತು ಅತ್ತೆಯ ಗೆರೆಯ ಮೇಲೇ, ಅಳೆದಂತೆ ಬಿದ್ದಿತ್ತು.

“ಇದಕ್ಕಿಂತ ಒಂದು ಮೊಳ ಮೇಲಿನ ತನಕ ಗಾರೆ ಕಿತ್ತು ಹಾಕ್ಬೇಕು ಅಕ್ಕಾ. ಇಟ್ಟಿಗೆ ಚೆನ್ನಾಗಿ ಒಣಗಬೇಕು.”

“ಎಷ್ಟು ದಿನ ಬೇಕು ಒಣಗೋಕೆ?”

“ಅದನ್ನ ಇಟ್ಟಿಗೆನೇ ಕೇಳಿ.”

ಕಿತ್ತರು. ಅತ್ತೆಯ ಏಳು ವರ್ಷದ ಗೆರೆ ಚೂರುಚೂರಾಗಿ ನೆಲಕ್ಕೆ ಬಿತ್ತು. ನನಗೆ ಎಷ್ಟು ಖುಷಿಯಾಯಿತೆಂದರೆ, ಆ ಚೂರುಗಳನ್ನು ನಾನೇ ಗುಡಿಸಿ ಹೊರಗೆ ಚೆಲ್ಲಿದೆ. ಒಂದೂವರೆ ತಿಂಗಳು ಮನೆ ಇಟ್ಟಿಗೆ ಬಿಟ್ಟುಕೊಂಡು ನಿಂತಿತ್ತು. ಕೊನೆಗೂ ಹೊಸ ಗಾರೆ ಹಾಕುವ ದಿನ ಬಂದಾಗ ನಾನು ಮೇಸ್ತ್ರಿಗೆ ಹೇಳಿದೆ, “ಗೋಡೆ ಕನ್ನಡಿ ಹಾಗಿರಬೇಕು. ಒಂದು ತಗ್ಗು, ಒಂದು ಉಬ್ಬು ಕಾಣಬಾರದು.” ಯಜಮಾನರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಅಮ್ಮ ಎಡವಬಾರದೆಂದು ಅಡುಗೆಮನೆಯ ಹೊಸಿಲನ್ನು ತೆಗೆಸಿದರು, ನೆಲ ಸಮ ಮಾಡಿಸಿದರು. ದಾರಿಗೆ ಅಡ್ಡವಾಗುತ್ತದೆಂದು ಕಪಾಟನ್ನು ಆ ಕಡೆಯ ಗೋಡೆಗೆ ಸರಿಸಿದರು. ಎಲ್ಲ ಅತ್ತೆಗೋಸ್ಕರವೇ. ಬಣ್ಣ ಬಳಿದ ಮೇಲೆ ನಾನು ಕೆನ್ನೆಯನ್ನು ಗೋಡೆಗೆ ಒತ್ತಿ ನೋಡಿದೆ. ಅಷ್ಟು ನುಣುಪು.

ಅತ್ತ ನಾದಿನಿಯ ಮನೆಯಿಂದ ಅತ್ತೆ ದಿನವೂ ಫೋನ್ ಮಾಡುತ್ತಿದ್ದರು. ನಾದಿನಿಗೆ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ, ಬೆಳಗ್ಗೆ ಹೋದರೆ ಸಂಜೆಯೇ ಬರುವುದು. “ಇಲ್ಲಿ ಕುರ್ಚಿ ಬಹಳ ಚೆನ್ನಾಗಿದೆ ಕಣೇ,” ಎಂದರು ಒಂದು ದಿನ. “ಇವತ್ತು ಅದರ ಮೇಲೆ ಕೂತಿದ್ದೆ. ನಾಳೆಗೂ ಅದೇ ಅಂತೆ.” ನಾನು ನಕ್ಕೆ. ಫೋನ್ ಇಟ್ಟ ಮೇಲೆ ನಗು ಬರಲಿಲ್ಲ. ಪಕ್ಕದ ಖಾಲಿ ಕುರ್ಚಿ ನೋಡಿಕೊಂಡು ಹೊಲಿಯುವುದು ನನ್ನಿಂದ ಆಗುತ್ತಿರಲಿಲ್ಲ. ನನಗೆ ಅತ್ತೆ ಬೇಕಾಗಿತ್ತು.

ನಾದಿನಿ ಕಡ್ಡಿ ಮುರಿದಂತೆ ಹೇಳಿದ್ದಳು. “ಅತ್ತಿಗೆ, ನೀವು ಮೆಷಿನ್ ಬಿಟ್ಟು ಏಳೋ ಹಾಗಿಲ್ಲ, ಅಣ್ಣ ಬಸ್ ಬಿಟ್ಟು ಇಳಿಯೋ ಹಾಗಿಲ್ಲ. ಅಮ್ಮ ಒಬ್ಬಳೇ ಓಡಾಡ್ತಾಳೆ ಅಂದ್ರೆ ಅಲ್ಲೇ ಇರಲಿ. ಗುರುವಾರ ಬಿಟ್ಟು ಹೋಗ್ತೀನಿ, ಭಾನುವಾರ ಬಂದು ನೋಡ್ತೀನಿ. ಆಗಲ್ಲ ಅಂದ್ರೆ ವಾಪಸ್ ಕರ್ಕೊಂಡು ಹೋಗ್ತೀನಿ. ಆಮೇಲೆ ಮತ್ತೆ ಎಳೆದಾಡೋದು ಬೇಡ.” ಅವಳ ಮಾತಿನಲ್ಲಿ ತಪ್ಪೇನೂ ಇರಲಿಲ್ಲ, ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು.

ಗುರುವಾರ ಅತ್ತೆ ಬಂದರು. ಬಾಗಿಲಲ್ಲೇ ಮೂಗರಳಿಸಿ, “ಬಣ್ಣದ ವಾಸನೆ. ಮದುವೆಮನೆ ಥರ ಇದೆಯಲ್ಲೇ!” ಎಂದರು. ಕೈಯನ್ನು ಗೋಡೆಗಿಟ್ಟರು. ನಾನು ಉಬ್ಬಿಹೋಗಿ ನೋಡುತ್ತಿದ್ದೆ.

ಅವರು ನಾಲ್ಕು ಹೆಜ್ಜೆ ನಡೆದರು, ನಿಂತರು. ಕೈಯನ್ನು ಹಿಂದಕ್ಕೆ ತಂದರು, ಮುಂದಕ್ಕೆ ಒಯ್ದರು. “ಇಲ್ಲೊಂದು ಮೊಳೆ ಕಿತ್ತ ತೂತಿತ್ತು.”

“ಮುಚ್ಚಿಸಿದ್ವಿ ಅತ್ತೆ.”

“ಬಚ್ಚಲಿಗೆ ಮುಂಚೆ ಒಂದು ಬಿರುಕಿತ್ತು.”

“ಅದೂ ಮುಚ್ಚಿಸಿದ್ವಿ.”

“ಕಪಾಟು?”

“ಆ ಕಡೆ ಇಟ್ಟಿದ್ದೀವಿ, ನಿಮಗೆ ಅಡ್ಡ ಆಗದಿರಲಿ ಅಂತ.”

“ಒಳ್ಳೇದು,” ಎಂದರು ಅತ್ತೆ. ಧ್ವನಿ ಸಣ್ಣದಾಗಿತ್ತು. “ಎಲ್ಲ ಒಂದೇ ಥರ ಇದೆಯಲ್ಲೇ. ಎಲ್ಲಿದ್ದೀನಿ ಅಂತಾನೇ ಗೊತ್ತಾಗ್ತಿಲ್ಲ.”

ಅವರಿಗೆ ನಾವು ತೆಗೆಸಿದ ಹೊಸಿಲೂ ಬೇಕಿತ್ತು. ಅದು ಕಾಲಿಗೆ ತಾಗಿದರೇ ಅಡುಗೆಮನೆ ಬಂತೆಂದು ಅವರಿಗೆ ಗೊತ್ತಾಗುತ್ತಿದ್ದದ್ದು. ಎರಡು ದಿನದಲ್ಲಿ ಅಭ್ಯಾಸವಾಗುತ್ತದೆ ಬಿಡಿ ಎಂದರು ಯಜಮಾನರು. ನಾನೂ ಹೂಂ ಎಂದೆ.

ಶುಕ್ರವಾರ ಬೆಳಗ್ಗೆ ನಾನು ಹಿತ್ತಲಲ್ಲಿ ಬಟ್ಟೆ ಹರವಿ ಒಳಗೆ ಬಂದರೆ, ಅತ್ತೆ ನಡುಮನೆಯ ಗೋಡೆಗೆ ಎರಡೂ ಕೈ ಒತ್ತಿಕೊಂಡು ನಿಂತಿದ್ದಾರೆ. ಕಾಲ ಬಳಿ ನೆಲ ಒದ್ದೆ. ಬಚ್ಚಲಿನ ಬಾಗಿಲು ದಾಟಿ ಮುಂದೆ ಹೋಗಿ, ತಿರುಗಿ ಬಂದು, ಮತ್ತೆ ದಾಟಿ, ಅಷ್ಟರಲ್ಲಿ ಆಗಿಹೋಗಿತ್ತು. ನಾನು ಏನೂ ಮಾತಾಡದೆ ಅವರ ಸೀರೆ ಬದಲಿಸಿದೆ, ನೆಲ ಒರೆಸಿದೆ.

“ಯಾಕೆ ಬೈತಿಲ್ಲ?” ಎಂದರು.

“ಬೈಯೋಕೇನಿದೆ, ಬಿಡಿ ಅತ್ತೆ.”

“ಬೈಯೇ ಒಂದ್ಸಲ.”

ಬಾಯಿ ಬರಲಿಲ್ಲ. “ಮಗಳಿಗೆ ಫೋನ್ ಮಾಡು. ಭಾನುವಾರದ ತನಕ ಯಾಕೆ ಕಾಯೋದು. ನೀನು ಬೈಯೋದು ಬಿಟ್ಟ ಮೇಲೆ ನಾನಿಲ್ಲಿ ನೆಂಟಳೇ ತಾನೆ,” ಎಂದರು. ನಾನು ಅಡುಗೆಮನೆಗೆ ಹೋಗಿ ಬಾಯಿಗೆ ಸೆರಗು ತುರುಕಿಕೊಂಡು ಅತ್ತುಬಿಟ್ಟೆ. ಫೋನ್ ಮುಟ್ಟಲಿಲ್ಲ.

ಮಧ್ಯಾಹ್ನ ಅತ್ತೆಯೇ ಕರೆದರು. “ಸುಮ್ಮನೆ ಕೂತ್ರೆ ಕೈ ಕಡಿಯುತ್ತೆ. ಗುಂಡಿ ಇದ್ರೆ ಕೊಡು.” ಬಕೆಟ್ಟನ್ನೇ ಮುಂದಿಟ್ಟೆ. ಒಂದು ಹಿಡಿ ತೆಗೆದು ಮಡಿಲಿಗೆ ಹಾಕಿಕೊಂಡರು. ಬೆರಳು ಓಡತೊಡಗಿತು. “ಎರಡು ತೂತು. ನಾಲ್ಕು ತೂತು. ಇದು ಮರದ್ದು. ಇದು ಕೋಟಿಂದು, ಅಂಚು ಎದ್ದಿದೆ ನೋಡು.” ಎರಡು ತಿಂಗಳು ಮುಟ್ಟಿರಲಿಲ್ಲ. ಆದರೂ ಒಂದೂ ತಪ್ಪಲಿಲ್ಲ.

ನಾನು ಹೊಲಿಗೆ ನಿಲ್ಲಿಸಿದೆ. ಅವರ ಮಡಿಲಿನಿಂದ ಎರಡು ಕೋಟಿನ ಗುಂಡಿ ಎತ್ತಿಕೊಂಡು ಹೋಗಿ ಬಚ್ಚಲಿನ ಬಾಗಿಲ ಪಕ್ಕ ಅಂಟುಪಟ್ಟಿಯಿಂದ ಗೋಡೆಗೆ ಅಂಟಿಸಿದೆ. ಅತ್ತೆಯ ಕೈ ಹಿಡಿದು ಅಲ್ಲಿಗೆ ಕರೆತಂದೆ.

“ಇದೇನಿದು? ಕೋಟಿನ ಗುಂಡಿ! ಗೋಡೆಗೂ ಅಂಗಿ ಹೊಲೀತಿದ್ದೀಯೇನೇ?”

“ಹೂಂ ಅತ್ತೆ. ಅಳತೆ ನೀವು ಹೇಳಿ.”

ಅವರಿಗೆ ಅರ್ಥವಾಗಲು ಹೆಚ್ಚು ಹೊತ್ತು ಹಿಡಿಯಲಿಲ್ಲ.

ಶನಿವಾರ ಬೆಳಗ್ಗೆಯೇ ಮೇಸ್ತ್ರಿಯನ್ನು ಕರೆಸಿದೆ. ಗೋಡೆ ಕೆತ್ತಬೇಕು ಎಂದ ಕೂಡಲೇ ಅವರ ಮುಖ ಕಪ್ಪಿಟ್ಟಿತು. “ಕನ್ನಡಿ ಹಾಗಿರಬೇಕು ಅಂದೋರು ನೀವೇ ಅಲ್ವಾ ಅಕ್ಕಾ?”

“ನಾನೇ ಅಂದೆ. ಆಗ ನನಗೆ ತಲೆ ಇರಲಿಲ್ಲ. ಈಗ ಕೆತ್ತಿ.”

ಅವರು ಗೊಣಗುತ್ತಾ ಉಳಿ ಹಿಡಿದರು. ಗುಂಡಿ ಕೂರುವಷ್ಟೇ ತಗ್ಗು ಮಾಡಿ, ಗೋಡೆಗೆ ಮೆತ್ತುವ ಪುಟ್ಟಿ ತುಂಬಿ, ಗುಂಡಿಯನ್ನು ಅರ್ಧ ಹೊರಗಿರುವಂತೆ ಒತ್ತುವುದು. ಒಂದು ಗಂಟೆ ಕಳೆಯುವಷ್ಟರಲ್ಲಿ ಗೊಣಗಾಟ ನಿಂತು, “ಅಜ್ಜೀ, ಇದು ಬಿಗಿ ಇದೆಯಾ ನೋಡಿ,” ಎಂದು ಅತ್ತೆಯನ್ನೇ ಕರೆಯತೊಡಗಿದ್ದರು. ಅತ್ತೆಯೋ, ದೊಡ್ಡ ಇಂಜಿನಿಯರ್ ಥರ ಗೋಡೆಯುದ್ದಕ್ಕೂ ಓಡಾಡುತ್ತಾ ಅಪ್ಪಣೆ ಕೊಡುತ್ತಿದ್ದರು. ದಾರಿಯುದ್ದಕ್ಕೂ ಗೇಣಿಗೊಂದು ಅಂಗಿಯ ಗುಂಡಿ. ಅಡುಗೆಮನೆಯ ತಿರುವಿಗೆ ಮೂರು ಮರದ್ದು.

“ಬಚ್ಚಲಿಗೆ ಎರಡೂ ದೊಡ್ಡದೇ ಇರಲಿ. ಅವಸರದಲ್ಲಿ ಹುಡುಕೋಕಾಗಲ್ಲ.”

“ನನ್ನ ಮೆಷಿನ್ ಹತ್ತಿರ ಯಾವುದು ಹಾಕಲಿ?”

“ಅಲ್ಲಿ ಯಾವುದೂ ಬೇಡ. ಅಲ್ಲಿ ನಿನ್ನ ಬಾಯಿ ಇರುತ್ತಲ್ಲ.”

ಮೇಸ್ತ್ರಿ ನಕ್ಕ ರಭಸಕ್ಕೆ ಪುಟ್ಟಿ ನೆಲಕ್ಕೆ ಬಿತ್ತು.

ಭಾನುವಾರ ನಾದಿನಿ ಬಂದಳು. ಗೋಡೆ ನೋಡಿ ಹುಬ್ಬೇರಿಸಿದಳು. ತಾಯಿಯ ಕೋಣೆಗೆ ಹೋಗಿ ಮಂಚದ ಮೇಲೆ ಕೂತಳು. “ಹೇಗಿದ್ದೀಯಮ್ಮ? ನಿಜ ಹೇಳು. ನಿನ್ನ ಉಳಿದ ಬಟ್ಟೆಯೆಲ್ಲ ಕಾರಲ್ಲೇ ಇದೆ. ಇಳಿಸಲಾ, ವಾಪಸ್ ಒಯ್ಯಲಾ?”

“ಬಿಸಿಲಲ್ಲಿ ಬಂದಿದ್ದೀಯ. ಮೊದಲು ನೀರು ಕುಡಿ,” ಎಂದು ಅತ್ತೆ ಎದ್ದರು.

ನಾನು ಮೆಷಿನ್ ತುಳಿಯುವ ನಾಟಕ ಮಾಡುತ್ತಿದ್ದೆ, ಸೂಜಿಗೆ ದಾರವೇ ಇರಲಿಲ್ಲ. ಯಜಮಾನರು ಎದ್ದು ಕೈ ಹಿಡಿಯಲು ಹೊರಟರು. ಕಣ್ಣು ಬಿಟ್ಟು ಕೂರಿಸಿದೆ. ಅತ್ತೆಯ ಎಡಗೈ ಗೋಡೆ ಹಿಡಿಯಿತು. ಒಂದೊಂದೇ ಗುಂಡಿ ದಾಟಿತು. ಕೋಟಿನ ಗುಂಡಿಗಳ ಮೇಲೆ ಒಂದು ಕ್ಷಣ ನಿಂತಿತು, ಮುಂದೆ ಹೋಯಿತು. ತಿರುವಿನಲ್ಲಿ ಅವರು ಒಂದು ಹೆಜ್ಜೆ ಹೆಚ್ಚು ಹಾಕಿಬಿಟ್ಟರು. ಮುಂದಕ್ಕೆ ಗುಂಡಿ ಇಲ್ಲ. ಬೆರಳು ಬರೀ ಗೋಡೆಯನ್ನು ತಡಕಿತು. ಅತ್ತೆ ಹಿಂದಕ್ಕೆ ಒಂದು ಹೆಜ್ಜೆ ಇಟ್ಟರು. ಮರದ ಗುಂಡಿ ಸಿಕ್ಕಿತು. ಒಂದು, ಎರಡು, ಮೂರು. ಒಳಗೆ ನಲ್ಲಿ ತಿರುಗಿಸಿದ ಸದ್ದು ಕೇಳಿತು.

ಬರುವಾಗ ಬಲಗೈ ಗೋಡೆಯ ಮೇಲೆ, ಎಡಗೈಯಲ್ಲಿ ಲೋಟ. ದಾರಿಯುದ್ದಕ್ಕೂ ನೀರು ತುಳುಕಿತು. ನಾದಿನಿ ಲೋಟ ತೆಗೆದುಕೊಂಡಳು. ಅವಳ ಕಣ್ಣು ತುಂಬಿತ್ತು. “ಬರೀ ಅರ್ಧ ಲೋಟ ತಂದಿದ್ದೀಯಲ್ಲಮ್ಮ.”

“ಇನ್ನರ್ಧ ನಿಮ್ಮತ್ತಿಗೆ ಒರೆಸ್ತಾಳೆ ಬಿಡು.”

ನಾದಿನಿ ನೀರನ್ನು ಒಂದು ಹನಿ ಬಿಡದೆ ಕುಡಿದಳು. ಆಮೇಲೆ ಎದ್ದು ಹೋಗಿ ಕಾರಿನಿಂದ ಬಟ್ಟೆಯ ಪೆಟ್ಟಿಗೆ ಇಳಿಸಿಕೊಂಡು ಬಂದಳು.

ಇದಾಗಿ ಮೂರು ವಾರ. ನಿನ್ನೆ ಕಿಟಕಿಯ ಬಿಸಿಲು ಓರೆಯಾಗಿ ಗೋಡೆಗೆ ಬಿದ್ದಾಗ ಕಂಡಿತು. ಗುಂಡಿಯ ಸಾಲಿನುದ್ದಕ್ಕೂ, ಸೊಂಟದೆತ್ತರದಲ್ಲಿ, ಅಂಗೈಯಗಲ, ತೆಳ್ಳಗೆ ಹಳದಿಯಾಗಿ ಹೊಳೆಯುವ ಎಣ್ಣೆ. ಒರೆಸುವ ಬಟ್ಟೆ ಕೈಯಲ್ಲೇ ಇತ್ತು. ನನ್ನ ಹೊಸ ಬಣ್ಣ! ಮೈಯೆಲ್ಲ ಉರಿದುಹೋಯಿತು.

“ಅತ್ತೇ! ಎಣ್ಣೆ ಕೈ ಒರೆಸ್ಕೊಳ್ಳೋಕೆ ಏನು ಕಷ್ಟ ನಿಮಗೆ? ನಾನೇನು ಜೀವಮಾನವೆಲ್ಲ ಗೋಡೆ ಉಜ್ಜೋಕೇ ಹುಟ್ಟಿದ್ದೀನಾ?”



“ಅಬ್ಬಾ,” ಎಂದರು ಅತ್ತೆ ಕೋಣೆಯಿಂದ. “ಈಗ ಮನೆಗೆ ಬಂದ ಹಾಗಾಯ್ತು ನೋಡು.”

ನಾನು ಇನ್ನೂ ನಾಲ್ಕು ಮಾತು ಜೋರಾಗಿ ಬೈದು, ಬಟ್ಟೆಯನ್ನು ಬಕೆಟ್ಟಿಗೆ ಎಸೆದು, ಹೊಲಿಗೆಗೆ ಕೂತೆ. ಗೋಡೆಯನ್ನು ಮಾತ್ರ ಒರೆಸಲಿಲ್ಲ.