ಅಂಕಿಯ ಮೇಲೊಂದು ಅಂಕಿ

ಅಸ್ಮಾ ಜಾವಾದಲ್ಲಿ ಬರೆದ ಆಟದ ಪರದೆಯ ತುಂಬ ಒಂದು ಸೀರೆಯಿತ್ತು. ಅದರಲ್ಲಿ ತಪ್ಪಾಗಿ ನೇಯ್ದ ಹನ್ನೆರಡು ಹೂಗಳನ್ನು ಹುಡುಕಬೇಕು. ಒಂದೊಂದು ಸಿಕ್ಕಾಗಲೂ ಅದರ ಮೇಲೆ ಕೆಂಪು ಚುಕ್ಕಿ ಬೀಳಬೇಕು, ಮೂಲೆಯ ಅಂಕಿ ಒಂದು ಏರಬೇಕು. ಆ ಅಂಕಿಯೇ ಈಗ ಅವಳ ಜೀವ ಹಿಂಡುತ್ತಿತ್ತು. ಸೊನ್ನೆಯ ಮೇಲೆ ಒಂದು, ಒಂದರ ಮೇಲೆ ಎರಡು ಬಂದು ಕುಳಿತು, ನಾಲ್ಕನೆಯ ಚುಕ್ಕಿಯ ಹೊತ್ತಿಗೆ ಅಲ್ಲಿ ಉಳಿದದ್ದು ಓದಲಾಗದ ಕಪ್ಪು ಮುದ್ದೆ.

ನಿನ್ನೆಯವರೆಗೆ ಅಂಕಿ ಆಟದ ಕಿಟಕಿಯ ಮೇಲಂಚಿನ ತಲೆಪಟ್ಟಿಯಲ್ಲಿತ್ತು. ಅದು ಆಟದೊಳಗೇ ಕಾಣಬೇಕೆಂದು ಪಾಠ ಹೇಳುವ ಶಿವಯೋಗಿ ಸರ್ ನಿನ್ನೆ ಸಂಜೆ ಹೇಳಿದ್ದರು. ರಾತ್ರಿ ಬೆಟಗೇರಿಯ ಮನೆಯಲ್ಲಿ ಕರೆಂಟು ಹೋಗಿದ್ದರಿಂದ, ಎಂದೂ ಪರೀಕ್ಷಿಸದೆ ಒಂದು ಸಾಲನ್ನೂ ಸೇರಿಸದ ಅಸ್ಮಾ, ಇಂದು ಗದಗಿನ ಕಾಲೇಜಿನ ಪ್ರಯೋಗಾಲಯದಲ್ಲಿ ನೇರವಾಗಿ ಬರೆದುಬಿಟ್ಟಿದ್ದಳು.

ಹುಬ್ಬಳ್ಳಿಯಿಂದ ಬಂದಿದ್ದ ಪರೀಕ್ಷಕಿ ಶೈಲಾ ಮೇಡಂ ಮೂರು ಕುರ್ಚಿಗಳಾಚೆ ನಿಂತಿದ್ದರು. ಆಟ ಸರಿಯಾಗಿ ನಡೆಯದಿದ್ದರೆ ಅವರು ಬೈಯುತ್ತಿರಲಿಲ್ಲ. ಸಹಿ ಹಾಕದೆ ಸುಮ್ಮನೆ ಮುಂದಕ್ಕೆ ಹೋಗುತ್ತಿದ್ದರು. ಅದೇ ಹೆಚ್ಚು ಭಯಂಕರ. ಅಣ್ಣ ಆಸೀಮ ಮುಂಜಾನೆ ಚಹಾ ಕುಡಿಯುತ್ತ ಹೇಳಿದ ಮಾತು ಕಿವಿಯಲ್ಲೇ ಇತ್ತು: "ಒಂದ ಸಲ ನೋಡೂಣು. ಫೇಲಾದಿ ಅಂದ್ರ ಓದೋದು ಸಾಕು, ಮಗ್ಗಕ್ಕ ಕುಂದ್ರು."

ತಪ್ಪು ಎಲ್ಲಿದೆಯೆಂದು ಅವಳಿಗೆ ತಿಳಿದಿತ್ತು. ಪ್ರತಿ ಸಲವೂ ಪರದೆಯನ್ನು ಒರೆಸುವ ಸಾಲೊಂದಿರಬೇಕು. ಅದನ್ನು ತಾನೇ ತೆಗೆದುಹಾಕಿದ್ದಳು. ಅದಿದ್ದರೆ ಸೀರೆಯೂ ಅಳಿಸಿಹೋಗುತ್ತಿತ್ತು. ಮಗ್ಗಕ್ಕೇರಿದ ಸೀರೆಯನ್ನು ನಡುವೆ ಕತ್ತರಿಸುವುದನ್ನು ಎಂದೂ ಕಾಣದ ಮನೆಯವಳು ಅವಳು. ಸೀರೆಯನ್ನು ಒಮ್ಮೆ ಬಿಡಿಸಿ, ಮತ್ತೆ ಅದರ ಗೊಡವೆಗೆ ಹೋಗಿರಲಿಲ್ಲ.

ಆ ಸಾಲನ್ನು ಮತ್ತೆ ಸೇರಿಸಿದಳು. ಅಂಕಿ ಸ್ವಚ್ಛವಾಗಿ ಮೂಡಿತು. ಸೀರೆಯಿಲ್ಲ, ಚುಕ್ಕಿಗಳಿಲ್ಲ, ಬಿಳಿ ಬಯಲಿನಲ್ಲಿ ಒಂಟಿ ಅಂಕಿ. ಶೈಲಾ ಮೇಡಂ ಎರಡು ಕುರ್ಚಿ ದೂರದಲ್ಲಿದ್ದರು.

ಒರೆಸುವುದೆಂದಾಗ ಅಮ್ಮಿಯ ಪಾಟಿ ನೆನಪಾಯಿತು. ತಾಯಿ ಬೀಬಿಜಾನ ಮಗ್ಗದ ಕಂಬಕ್ಕೆ ತೂಗುಹಾಕಿದ ಪಾಟಿಯಲ್ಲಿ ಬಳಪದಿಂದ, ಮೇಲೆ ನೇಯುವ ಹೂವನ್ನೂ ಕೆಳಗೆ ಮುಗಿದ ಹೂಗಳ ಲೆಕ್ಕವನ್ನೂ ಬರೆಯುತ್ತಿದ್ದಳು. ಲೆಕ್ಕ ಬದಲಾದಾಗಲೆಲ್ಲ ಒದ್ದೆ ಅರಿವೆಯಿಂದ ಹೂವನ್ನೂ ಸೇರಿಸಿಯೇ ಒರೆಸಿ, ಎರಡನ್ನೂ ಹೊಸದಾಗಿ ಬರೆಯುತ್ತಿದ್ದಳು. ಹೂವನ್ನೇಕೆ ಅಳಿಸುತ್ತೀ ಎಂದು ಚಿಕ್ಕ ಅಸ್ಮಾ ಅತ್ತಿದ್ದಳು. ಅಮ್ಮಿ ನಕ್ಕಿದ್ದಳು. "ಹುಚ್ಚಿ, ಹೂವು ಪಾಟಿಯಾಗ ಎಲ್ಲೈತಿ? ನನ್ನ ಕೈಯಾಗ ಐತಿ."

ಸೀರೆ ಬಿಡಿಸುವ ಸಾಲುಗಳನ್ನು ಅಸ್ಮಾ ಒರೆಸುವ ಸಾಲಿನ ಕೆಳಗೆ ತಂದಳು. ಸಿಕ್ಕ ಹೂಗಳ ಪಟ್ಟಿ ಮೊದಲೇ ಇತ್ತು. ಅದನ್ನು ನೋಡಿ ಪ್ರತಿ ಸಲ ಚುಕ್ಕಿಗಳನ್ನು ಇಡುವಂತೆ ಬರೆದಳು. ಕೊನೆಯಲ್ಲಿ ಅಂಕಿ. ಮತ್ತೊಮ್ಮೆ ನಡೆಸಿ ನೋಡಲು ಸಮಯವಿರಲಿಲ್ಲ. ಪಕ್ಕದಲ್ಲಿ ನೆರಳು ಬಿತ್ತು.

ಶೈಲಾ ಮೇಡಂ ತಾವೇ ಮೌಸ್ ಹಿಡಿದರು. ಒಂದು. ಎರಡು. ಒಂಬತ್ತರವರೆಗೆ ಅಸ್ಮಾ ಪರದೆಯ ಮೂಲೆಯನ್ನೇ ನೋಡುತ್ತಿದ್ದಳು. ಹತ್ತು ಬಂದಿತು, ಎರಡೂ ಅಂಕಿಗಳು ಬಿಡಿಬಿಡಿಯಾಗಿ, ಸೀರೆಯ ಮೇಲೆ.

"ಪ್ರತಿ ಸಲ ಎಲ್ಲಾ ಒರಿಸಿ ಮತ್ತ ಬಿಡಸ್ತೀಯಲ್ಲ, ಯಾಕವಾ?" ಎಂದರು ಮೇಡಂ, ಅವಳು ಬರೆದ ಸಾಲುಗಳನ್ನು ತೆರೆದು ನೋಡುತ್ತ.

"ಸೀರಿ ಪರದೆ ಮ್ಯಾಲ ಇಲ್ರಿ ಮೇಡಂ," ಎಂದಳು ಅಸ್ಮಾ. "ನಾ ಬರದ ಸಾಲಿನಾಗ ಐತ್ರಿ."

ಮೇಡಂ ಅವಳ ಮುಖವನ್ನೊಮ್ಮೆ ನೋಡಿ, ಅವಳ ಪ್ರಯೋಗದ ಪುಸ್ತಕ ಎಳೆದುಕೊಂಡು ಸಹಿ ಹಾಕಿದರು. ಅವರು ಮುಂದಿನ ಕುರ್ಚಿಗೆ ಹೋದ ಮೇಲೆ ಅಸ್ಮಾ ಮೌಸ್ ಹಿಡಿದು ಉಳಿದೆರಡು ಹೂಗಳನ್ನು ಹುಡುಕತೊಡಗಿದಳು.