ಹನ್ನೆರಡನೆಯ ಹೆಸರು

ಚೌರಪ್ಪ ಅರಸೀಕೆರೆ ಜಂಕ್ಷನ್ನಿನಲ್ಲಿ ಬುಕಿಂಗ್ ಕ್ಲಾರ್ಕ್ ಆಗಿದ್ದ. ಅವನ ತಂದೆ ಇನ್ನಾಸಪ್ಪ ಮೂವತ್ತು ವರ್ಷ ಅದೇ ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿ, ಬಾಣಾವರದ ಕಡೆಯ ಹಳಿಯುದ್ದಕ್ಕೂ ಬರಿಗಾಲಲ್ಲಿ ನಡೆದು ನಿವೃತ್ತನಾದವನು. ಕೊನೆಯ ವರ್ಷದಲ್ಲಿ ಬಲಗಾಲಿನ ಮೇಲೆ ಹಳಿಯಡಿಯ ಮರದ ಸ್ಲೀಪರ್ ಬಿದ್ದು ಆದ ಗಾಯ ಪೂರ್ತಿ ವಾಸಿಯಾಗಲೇ ಇಲ್ಲ. ಒಣಗಿದಂತೆ ಕಾಣುವುದು, ಮತ್ತೆ ಒಡೆದು ಕೀವು ಸುರಿಯುವುದು. ಸೊಸೆ ಲೂರ್ದಮ್ಮ ದಿನಾ ಬೆಳಿಗ್ಗೆ ಬೇವಿನ ಸೊಪ್ಪು ಕುದಿಸಿದ ನೀರಿನಲ್ಲಿ ಅದನ್ನು ತೊಳೆದು, ಹಳೆಯ ಪಂಚೆಯ ಪಟ್ಟಿ ಕಟ್ಟುತ್ತಿದ್ದಳು. ಆ ಹೊತ್ತಿಗೆ ಚೌರಪ್ಪ ಸ್ಟೇಷನ್ನಿಗೆ ಹೊರಟುಬಿಟ್ಟಿರುತ್ತಿದ್ದ. ಡ್ಯೂಟಿ ಇಲ್ಲದ ದಿನವೂ ಹೊರಟುಬಿಟ್ಟಿರುತ್ತಿದ್ದ.

ಆ ವರ್ಷ, ಅಂದರೆ ಸಾವಿರದ ಒಂಬೈನೂರ ಐವತ್ತಾರರಲ್ಲಿ, ಪವಿತ್ರ ಗುರುವಾರದ ಪೂಜೆಯನ್ನು ಸಂಜೆ ಮಾಡಬೇಕು, ಪೂಜೆಯ ನಡುವೆಯೇ ಹನ್ನೆರಡು ಮಂದಿ ಗಂಡಸರ ಕಾಲು ತೊಳೆಯಬಹುದು ಎಂದು ರೋಮಿನಿಂದ ಹೊಸ ಕಟ್ಟಳೆ ಬಂದಿತ್ತು. ಯೇಸುಸ್ವಾಮಿ ತನ್ನ ಶಿಷ್ಯರ ಕಾಲು ತೊಳೆದದ್ದರ ನೆನಪಿಗೆ. ಅರಸೀಕೆರೆಯ ಇಗರ್ಜಿಯಲ್ಲಿ ಇದು ಮೊದಲ ಸಲ. ಹಿಂದಿನ ಭಾನುವಾರ ಪೂಜೆ ಮುಗಿದ ಮೇಲೆ ಪಾದ್ರಿ ಸ್ವಾಮಿಗಳು ಪಟ್ಟಿ ಬರೆಯಲು ಚೌರಪ್ಪನನ್ನು ಕೂರಿಸಿಕೊಂಡರು. ಅವನ ಅಕ್ಷರ ದುಂಡಗಿತ್ತು.

ಹನ್ನೊಂದು ಹೆಸರು ಮುಗಿದ ಮೇಲೆ ಸ್ವಾಮಿಗಳು, "ಇನ್ನೊಂದು ನಿಮ್ಮಪ್ಪಂದು ಬರ್ಕೊಳಪ್ಪ. ಈ ಇಗರ್ಜಿಗೆ ಕಲ್ಲು ಹೊತ್ತವರಲ್ಲಿ ಉಳಿದಿರೋದು ಅವರೊಬ್ಬರೇ" ಅಂದರು.

ಚೌರಪ್ಪನ ಪೆನ್ನು ನಿಂತಿತು. ಎಲ್ಲರೆದುರು ಅಪ್ಪ ಗಾಯದ ಪಟ್ಟಿ ಬಿಚ್ಚುವುದು, ಮುಂದಿನ ಬೆಂಚಿನಲ್ಲಿ ಕೂರುವ ಅಸಿಸ್ಟೆಂಟ್ ಸ್ಟೇಷನ್ ಮಾಸ್ಟರ ಹೆಂಡತಿ ಸೆರಗಿನಿಂದ ಮೂಗು ಮುಚ್ಚಿಕೊಳ್ಳುವುದು, ಎಲ್ಲ ಅವನ ಕಣ್ಣಿಗೆ ಕಟ್ಟಿತು.

"ಅಪ್ಪ ಒಪ್ಪಲ್ಲ ಸ್ವಾಮಿ. ಆಗಲೇ ಕೇಳಿದೆ. ಬೇಡ ಅಂದರು."

"ಹೌದಾ? ಸರಿ, ಆ ಜಾಗದಲ್ಲಿ ನೀನೇ ಕೂತ್ಕೊ."

ಹನ್ನೆರಡನೆಯದಾಗಿ ಅವನು ತನ್ನ ಹೆಸರು ಬರೆದ.

ಗುರುವಾರ ಮಧ್ಯಾಹ್ನ ಊಟಕ್ಕೆ ಬಂದಾಗ ಅಪ್ಪ ಹಿತ್ತಲ ಬಾಗಿಲಲ್ಲಿ ಕೂತು ಇಟ್ಟಿಗೆ ಚೂರಿನಿಂದ ಹಿಮ್ಮಡಿ ಉಜ್ಜಿಕೊಳ್ಳುತ್ತಿದ್ದ. ಉಗುರು ಕತ್ತರಿಸಿದ್ದ. ಒಗೆದ ಪಂಚೆ ತಂತಿಯ ಮೇಲಿತ್ತು.

"ವಯಸ್ಸಾದೋರ ಹೆಸ್ರು ಬರೀತಾರಂತೆ. ನಂದೂ ಇರ್ಬೋದು ಅಂತ," ಅಂದ ಅಪ್ಪ, ತುಸು ಸಂಕೋಚದಿಂದ.

"ಪಟ್ಟಿ ಸ್ವಾಮಿಗಳೇ ಹೇಳಿ ಬರೆಸಿದ್ರಪ್ಪ. ಈ ಸಲ ಬೇರೆಯವರು."

ಅಪ್ಪ ಸ್ವಲ್ಪ ಹೊತ್ತು ಕೈಯಲ್ಲಿದ್ದ ಇಟ್ಟಿಗೆ ಚೂರನ್ನು ನೋಡಿದ. "ಆಗ್ಲಿ ಬಿಡು. ನಿನ್ನ ಹೆಸ್ರು ಐತಾ?"

"ಇದೆ."

"ಹಂಗಾರೆ ತಗೋ, ನೀನೂ ಹಿಮ್ಮಡಿ ಉಜ್ಕೊ. ಸ್ವಾಮಿಗಳು ಮುಟ್ಟೋ ಕಾಲು."

ಚೌರಪ್ಪ ಇಟ್ಟಿಗೆ ಚೂರು ತೆಗೆದುಕೊಂಡ. ಒಳಗೆ ತಟ್ಟೆ ಹಾಕುತ್ತಿದ್ದ ಲೂರ್ದಮ್ಮ ಗಂಡನನ್ನು ಒಮ್ಮೆ ನೋಡಿದಳು. ಅವನು ಅರ್ಧ ಊಟಕ್ಕೇ ಎದ್ದ.

ಸಂಜೆ ಇಗರ್ಜಿ ತುಂಬಿತ್ತು. ಹನ್ನೆರಡು ಜನ ಎರಡು ಬೆಂಚಿನಲ್ಲಿ ಬಲಗಾಲು ಮುಂದಿಟ್ಟು ಕೂತಿದ್ದರು. ಸ್ವಾಮಿಗಳಿಗೂ ಅರವತ್ತು ದಾಟಿತ್ತು. ಒಬ್ಬೊಬ್ಬರ ಮುಂದೆಯೂ ಬೆಂಚು ಹಿಡಿದು ಮಂಡಿಯೂರುತ್ತಿದ್ದರು, ನೀರು ಹೊಯ್ದು ಒರೆಸಿ, ಬಗ್ಗಿ ಪಾದಕ್ಕೆ ಮುತ್ತಿಡುತ್ತಿದ್ದರು. ಚೌರಪ್ಪನ ಪಾದ ಸೋಪಿನ ವಾಸನೆ ಬೀರುತ್ತಿತ್ತು. ಸ್ವಾಮಿಗಳ ನರೆತ ತಲೆ ತನ್ನ ಕಾಲಿನ ಕಡೆ ಬಾಗಿದಾಗ ಕಾಲು ಹಿಂದಕ್ಕೆಳೆದುಕೊಳ್ಳಬೇಕು ಅನ್ನಿಸಿತು. ಎಳೆದುಕೊಳ್ಳಲಿಲ್ಲ. ಎಲ್ಲರೂ ನೋಡುತ್ತಿದ್ದರು. ಅಪ್ಪ ಕಟ್ಟಕಡೆಯಲ್ಲಿ, ಬಾಗಿಲ ಪಕ್ಕ ನೆಲದ ಮೇಲೆ ಕೂತಿದ್ದ. ಯಾವಾಗಲೂ ಅಲ್ಲೇ ಕೂರುತ್ತಿದ್ದ. ಗಾಳಿಯಾಡುತ್ತೆ ಅಂತ ಚೌರಪ್ಪನೇ ತೋರಿಸಿಕೊಟ್ಟ ಜಾಗ ಅದು.

ಪೂಜೆ ಮುಗಿದು ಜನ ಹೊರಗೆ ಬರುವಾಗ ಸ್ವಾಮಿಗಳು ಬಾಗಿಲಲ್ಲಿ ಇನ್ನಾಸಪ್ಪನನ್ನು ತಡೆದರು.

"ಏನು ಇನ್ನಾಸಪ್ಪ, ನನ್ನ ಕೈಲಿ ಕಾಲು ತೊಳೆಸಿಕೊಳ್ಳೋದು ಬೇಡ ಅಂದುಬಿಟ್ರಂತೆ?"

ಚೌರಪ್ಪ ಎರಡು ಮಾರು ದೂರದಲ್ಲಿದ್ದ. ಅಪ್ಪನಿಗೆ ಮೊದಲು ಮಾತು ತಿಳಿಯಲಿಲ್ಲ. ಮಗನ ಕಡೆ ತಿರುಗಿದ. ಅವನ ಮುಖದಲ್ಲಿ ಏನು ಕಂಡಿತೋ, ಮತ್ತೆ ಸ್ವಾಮಿಗಳ ಕಡೆ ತಿರುಗಿ ಕೈಮುಗಿದ.

"ಹೂಂ ಸ್ವಾಮಿ. ನಾನೇ ಬ್ಯಾಡ ಅಂದೆ. ಯಾಕೋ ನಾಚ್ಕೆ ಆಯ್ತು."

ಮರುದಿನ ಉಪವಾಸ, ಶಿಲುಬೆಯ ಹಾದಿಯ ಪ್ರಾರ್ಥನೆ. ಅಪ್ಪ ಎಂದಿನಂತೆಯೇ ಇದ್ದ. ಒಂದು ಮಾತು ಬೈದಿದ್ದರೆ ಚೌರಪ್ಪನಿಗೆ ಎಷ್ಟೋ ಹಗುರವಾಗುತ್ತಿತ್ತು.

ಶನಿವಾರ ಮಧ್ಯಾಹ್ನ, ಮರುದಿನದ ಪಾಸ್ಕ ಅಂದರೆ ಈಸ್ಟರ್ ಹಬ್ಬದ ಪಾಪನಿವೇದನೆಗೆ ಜನ ಸಾಲುಗಟ್ಟಿದ್ದರು. ಅಪ್ಪ ಕೋಲೂರಿಕೊಂಡು ಸಾಲಿನಲ್ಲಿ ನಿಂತಿದ್ದ. ಹದಿನೈದು ದಿನದ ಹಿಂದಷ್ಟೇ ನಿವೇದನೆ ಮಾಡಿದ್ದವನು. ಚೌರಪ್ಪ ಹಿಂದೆ ಬಂದು ನಿಂತು ಮೆಲ್ಲಗೆ, "ಮೊನ್ನೆ ತಾನೇ ಮಾಡಿದ್ಯಲ್ಲಪ್ಪ. ಮಂಡಿ ಊರೋಕಾಗಲ್ಲ, ಯಾಕೆ ಬಂದೆ?" ಅಂದ.

ಅಪ್ಪ ತಿರುಗದೆ ಅಂದ: "ಗುರುವಾರ ಸ್ವಾಮಿಗಳ ಮುಂದೆ ಸುಳ್ಳು ಹೇಳ್ದೆನಲ್ಲ. ಅದ್ನ ಇಟ್ಕಂಡು ನಾಳೆ ಪ್ರಸಾದ ಹೆಂಗ್ ತಗಳ್ಳಾನ? ನಿನ್ನ ಹೆಸ್ರು ಎತ್ತಕಿಲ್ಲ ಕಣೋ, ಹೆದರ್ಬ್ಯಾಡ."

ಸರದಿ ಬಂತು. ಅಪ್ಪ ಒಂದು ಕೈಯಲ್ಲಿ ನಿವೇದನೆಯ ಕಟಕಟೆ ಹಿಡಿದು, ಗಾಯದ ಕಾಲನ್ನು ಪಕ್ಕಕ್ಕೆ ಚಾಚಿ, ಒಂದೇ ಮಂಡಿಯ ಮೇಲೆ ಇಳಿದ. ಪಟ್ಟಿಯ ಅಂಚಿನಲ್ಲಿ ಕೆಂಪು ಒಸರಿತು. ಚೌರಪ್ಪ ನೋಡುತ್ತಾ ನಿಂತ. ಮಗ ಆಡಿದ ಸುಳ್ಳಿಗೆ ಅಪ್ಪ ಕ್ಷಮೆ ಕೇಳುತ್ತಿದ್ದ. ಓಡಿಹೋಗಬೇಕು ಅನ್ನಿಸಿತು. ಆದರೆ ಮುಂದಿನ ಸರದಿ ಅವನದೇ.

ಸ್ವಾಮಿಗಳು ಕೂತ ಜಾಲರಿಯ ಮುಂದೆ ಎಲ್ಲ ಹೇಳಿದ. ಹೆಸರಿನ ಪಟ್ಟಿ, ಮೂಗು ಮುಚ್ಚಿಕೊಳ್ಳುವವರ ಭಯ, ಇಟ್ಟಿಗೆ ಚೂರು, ಬೆಳಗಿನ ಹೊತ್ತು ಮನೆ ಬಿಟ್ಟು ಹೋಗುತ್ತಿದ್ದದ್ದು. ಪ್ರಾಯಶ್ಚಿತ್ತಕ್ಕೆ ಮೂರು ಪರಲೋಕ ಜಪ ಹೇಳೆಂದರು ಸ್ವಾಮಿಗಳು.

"ಅಷ್ಟೇ ಸಾಕಾ ಸ್ವಾಮಿ?"

"ದೇವರ ಲೆಕ್ಕಕ್ಕೆ ಸಾಕು. ನಿಮ್ಮಪ್ಪನಿಗೆ ಏನು ಬೇಕೋ ಅವರನ್ನೇ ಕೇಳು."

ಅವತ್ತು ಸಂಜೆ ಚೌರಪ್ಪ ಹೆಂಡತಿಯಿಂದ ಬಿಸಿನೀರಿನ ಬೋಗುಣಿ ತೆಗೆದುಕೊಂಡು ಅಪ್ಪನ ಮುಂದೆ ಕೂತ. ಪಟ್ಟಿ ಗಾಯಕ್ಕೆ ಅಂಟಿಕೊಂಡಿತ್ತು. ಎಳೆದಾಗ ಅಪ್ಪ ಹಲ್ಲು ಕಚ್ಚಿದ.

"ಮೊದ್ಲು ನೆನೆಸ್ಬೇಕು ಕಣ್ರೀ," ಅಂದಳು ಲೂರ್ದಮ್ಮ ಹಿಂದಿನಿಂದ. ಐದು ವರ್ಷದಿಂದ ಅವಳು ಮಾಡುತ್ತಿದ್ದ ಕೆಲಸದಲ್ಲಿ ಅವನಿಗೆ ಅಷ್ಟೂ ಗೊತ್ತಿರಲಿಲ್ಲ. ವಾಸನೆಗೆ ಮುಖ ಪಕ್ಕಕ್ಕೆ ತಿರುಗಿಸಿ, ಮತ್ತೆ ಬಗ್ಗಿದ. ತಲೆ ತಗ್ಗಿಸಿಕೊಂಡೇ ಕೇಳಿದ:

"ಅಪ್ಪ, ನಾನು ಮಾಡಿದ್ದು ಮಾಡ್ಬಾರದಿತ್ತು. ನಿಂಗೆ ಏನು ಬೇಕು ಹೇಳು."

ಅಪ್ಪ ಯೋಚಿಸಿದ. ಕೋಪವಿಲ್ಲದೆ, ನಿಜವಾಗಿ ಯೋಚಿಸಿದ.

"ನಾಳೆ ಪೂಜೇಲಿ ನಿನ್ನ ಪಕ್ದಾಗೆ ಕೂರ್ಲಾ?"

ಚೌರಪ್ಪ ಹೂಂ ಎಂದು ತಲೆಯಾಡಿಸಿದ.

ಹಬ್ಬದ ಬೆಳಿಗ್ಗೆ ಇಬ್ಬರೂ ಮುಂದಿನಿಂದ ಎರಡನೆಯ ಬೆಂಚಿನಲ್ಲಿ ಕೂತರು. ಸ್ವಲ್ಪ ಹೊತ್ತಿಗೆ ಪಕ್ಕದವರು ಸರಿದು ಕೂತರು. ಮುಂದಿದ್ದ ಅಸಿಸ್ಟೆಂಟ್ ಸ್ಟೇಷನ್ ಮಾಸ್ಟರ ಹೆಂಡತಿ ಒಮ್ಮೆ ಹಿಂದಿರುಗಿ ನೋಡಿದರು. ಚೌರಪ್ಪನ ಕಿವಿ ಬಿಸಿಯಾಯಿತು. ಮೂರು ಜಪದಿಂದ ಆ ನಾಚಿಕೆ ಹೋಗಿರಲಿಲ್ಲ. ಹೋಗಿಲ್ಲವಲ್ಲ ಎಂದು ಇನ್ನಷ್ಟು ನಾಚಿಕೆಯಾಯಿತು. ಅಪ್ಪ ಮಾತ್ರ ಪೀಠದ ಹೂಗಳನ್ನು ಇಷ್ಟು ಹತ್ತಿರದಿಂದ ನೋಡಿ ಹಿಗ್ಗಿದ್ದ. ಎದ್ದು ನಿಲ್ಲುವ ಹೊತ್ತು ಬಂದಾಗ ಚೌರಪ್ಪ ಅವನ ತೋಳಿಗೆ ಕೈಕೊಟ್ಟ.