ಮೂವತ್ತಡಿ ಬೀದಿ

"ಇನ್ನೊಂದ್ಸಲ ಅಳತೆ ಹಿಡಿಯಪ್ಪಾ," ಎಂದಳು ವಿತ್ತೋರಿನಾ.

ಮೇಸ್ತ್ರಿ ವಿಸ್ಟಿನ್ ಸೊಂಟದ ಮೇಲೆ ಕೈಯಿಟ್ಟು ಅವಳನ್ನೇ ನೋಡಿದ. "ಅಕ್ಕಾ, ನೂರು ಸಲ ಹಿಡಿದ್ರೂ ಮೂವತ್ತಡೀನೇ. ಟೇಪು ನಿಮ್ಮ ಮುಖ ನೋಡಿ ಕುಗ್ಗಲ್ಲ."

ಸೆಂಗ್ಲಿಯಾ ಎಂಬ ಬಂದರು ಊರಿನ ಆ ಓಣಿ ಯುದ್ಧಕ್ಕೆ ಮುಂಚೆ ಐದಡಿ ಅಗಲವೂ ಇರಲಿಲ್ಲ. ವಿತ್ತೋರಿನಾಳ ಅಡುಗೆಮನೆ ಕಿಟಕಿಯಿಂದ ಎದುರುಮನೆ ಮೆನಾಳ ಕಿಟಕಿಗೆ ಮೊಲದ ಸಾರಿನ ತಟ್ಟೆ ದಾಟುತ್ತಿತ್ತು. ಆ ಕಡೆಯಿಂದ ಬಿಸಿ ಬ್ರೆಡ್ಡು ಬರುತ್ತಿತ್ತು. ಗಂಡಂದಿರ ಮೇಲಿನ ದೂರು, ಹಡಗುಕಟ್ಟೆಯ ಸುದ್ದಿ, ಅರ್ಧ ದಿನದ ಮುನಿಸು, ಎಲ್ಲವೂ ಇಪ್ಪತ್ತೆರಡು ವರ್ಷ ಅಲ್ಲೇ ನಡೆದಿತ್ತು. ನಲವತ್ತೊಂದರ ಜನವರಿಯಲ್ಲಿ ಬಾಂಬು ಬಿದ್ದು ಎರಡೂ ಸಾಲಿನ ಮನೆಗಳು ಒಂದೇ ಕಲ್ಲುಗುಡ್ಡೆಯಾದವು. ಮೆನಾಳ ಗಂಡ ಸಲ್ವು ಅದರಡಿಯಲ್ಲೇ ಹೋದ. ಝೆಬ್ಬುಜ್ ಹಳ್ಳಿಯ ಅಣ್ಣನ ಮನೆ ಸೇರಿದ ಅವಳು ಏಳು ವರ್ಷ ಈ ಕಡೆ ತಲೆ ಹಾಕಿರಲಿಲ್ಲ.

ಈಗ ಹೊಸ ಮನೆಗಳು ಏಳುತ್ತಿದ್ದವು. ಹಳಬರಿಗೇ ಮೊದಲ ಹಕ್ಕು. ಆದರೆ ಈ ಶನಿವಾರದೊಳಗೆ ಒಪ್ಪಿಗೆ ಕಾಗದಕ್ಕೆ ಸಹಿ ಹಾಕದಿದ್ದರೆ ಮನೆ ಬೇರೆಯವರ ಪಾಲು. ವಿತ್ತೋರಿನಾ ಮೂರು ಸಲ ಹಳ್ಳಿಗೆ ಹೋಗಿ ಬಂದಿದ್ದಳು. ಮೂರು ಸಲವೂ ಅದೇ ಸುಳ್ಳು: "ಎಲ್ಲಾ ಮೊದಲಿನ ಹಾಗೇ ಕಟ್ತಿದ್ದಾರೆ ಕಣೇ. ಅದೇ ಓಣಿ, ಅದೇ ಕಿಟಕಿ." ಮೆನಾ ಕಸೂತಿಯಿಂದ ತಲೆ ಎತ್ತದೆ "ನೋಡೋಣ" ಎನ್ನುತ್ತಿದ್ದಳು. ಮೂರನೆಯ ಸಲ ಅಷ್ಟೂ ಅನ್ನಲಿಲ್ಲ. ಕೊನೆಗೆ ಅವಳ ಅಣ್ಣನೇ ಹೇಳಿ ಕಳಿಸಿದ್ದ: ಶನಿವಾರ ಕರಕೊಂಡು ಬರ್ತೀನಿ, ಬೇಡ ಅಂತಾದ್ರೂ ಬಾಯಿಬಿಟ್ಟು ಹೇಳಲಿ.

ಶನಿವಾರ ಹತ್ತು ಗಂಟೆ ಬಸ್ಸಿಗೆ ಬಂದ ಮೆನಾ ಅಣ್ಣನನ್ನು ನಿಲ್ದಾಣದಲ್ಲೇ ಬಿಟ್ಟು ಒಬ್ಬಳೇ ನಡೆದು ಬಂದಳು. ಮೈಮೇಲೆ ಇನ್ನೂ ಕಪ್ಪು ಬಟ್ಟೆ. ತಿರುವಿನಲ್ಲಿ ಥಟ್ಟನೆ ನಿಂತಳು.

"ಇದು ಯಾವ ಬೀದಿಯೇ?"

"ನಮ್ಮದೇ." ವಿತ್ತೋರಿನಾಳ ದನಿ ಉಡುಗಿತ್ತು. "ಸುಳ್ಳು ಹೇಳ್ದೆ ಕಣೇ ಮೆನಾ. ನಿಜ ಹೇಳಿದ್ರೆ ನೀನು ಬರಲ್ಲ ಅಂತ..."

ಮೆನಾ ಕೇಳಿಸಿಕೊಂಡಂತೆ ಕಾಣಲಿಲ್ಲ. ಒಂದು ಗೋಡೆಯ ಬುಡದಿಂದ ಎದುರು ಗೋಡೆಯವರೆಗೆ ಸಾವಕಾಶವಾಗಿ ನಡೆದಳು. ಮತ್ತೆ ಅಷ್ಟೇ ಸಾವಕಾಶವಾಗಿ ವಾಪಸು ಬಂದಳು.

"ಸಲ್ವು ಎರಡು ದಿನ ಕೂಗ್ತಿದ್ದ," ಎಂದಳು. "ನಿನಗೆ ಹೇಳಿರಲಿಲ್ಲ. ನೀವೆಲ್ಲ ಆಗ್ಲೇ ಊರು ಬಿಟ್ಟಿದ್ರಿ. ಕಲ್ಲೆತ್ತೋ ಗಾಡಿ ಓಣಿಯೊಳಕ್ಕೆ ಹಿಡಿಸಲೇ ಇಲ್ಲ. ಪಾಪ, ಕೈಯಲ್ಲೇ ಒಂದೊಂದು ಕಲ್ಲು ತೆಗೀತಿದ್ರು. ಎರಡನೇ ದಿನ ಮಧ್ಯಾಹ್ನ ಕೂಗು ನಿಂತೋಯ್ತು."

ವಿತ್ತೋರಿನಾ ಬಾಯಿಗೆ ಕೈ ಹಿಡಿದಳು.

"ನೀನು ಬಂದು ಅದೇ ಓಣಿ, ಅದೇ ಓಣಿ ಅಂದಾಗೆಲ್ಲ ನನಗೆ ಆ ಕೂಗೇ ಕೇಳಿಸೋದು." ಮೆನಾ ಸೆರಗಿನಂಥ ಮುಸುಕಿನ ಅಂಚಿನಿಂದ ಮುಖ ಒರೆಸಿಕೊಂಡಳು. "ಎಲ್ಲಿ, ಕಾಗದ ಕೊಡು."

ವಿಸ್ಟಿನ್ ಕೆತ್ತಿಟ್ಟ ಕಲ್ಲೊಂದರ ಮೇಲಿನ ಧೂಳು ಒರೆಸಿ ಕೊಟ್ಟ. ಮೆನಾ ಬಗ್ಗಿ ಸಹಿ ಹಾಕಿದಳು. ಇಷ್ಟು ದಿನ ಬೇಡಿದ್ದು ಕೈಗೆ ಬಂದರೂ ವಿತ್ತೋರಿನಾ ಕಾಗದ ಮಡಚುತ್ತ ಬೀದಿಯ ಆಚೆ ಗೋಡೆಯನ್ನೇ ನೋಡಿದಳು. ಆ ಓಣಿಗಾಗಿ ಹಂಬಲಿಸುವವಳು ಇನ್ನು ತಾನೊಬ್ಬಳೇ.

"ನನ್ನ ಕಿಟಕಿಯಿಂದ ಕೂಗಿದ್ರೆ ನಿನಗೆ ಕೇಳಿಸುತ್ತಾ?" ಎಂದಳು.

"ನಿನ್ನ ಗಂಟಲು ತಾನೇ? ಝೆಬ್ಬುಜ್‌ವರೆಗೂ ಕೇಳುತ್ತೆ."

ಅಷ್ಟರಲ್ಲಿ ಕಲ್ಲು ತುಂಬಿದ ಲಾರಿಯೊಂದು ಬೀದಿಯೊಳಕ್ಕೆ ನುಗ್ಗಿತು. ಇಬ್ಬರೂ ಗೋಡೆಗೆ ಸರಿದು ನಿಂತರು. ಲಾರಿ ಕೊನೆಯವರೆಗೂ ಹೋಗಿ, ಎಲ್ಲೂ ತಾಗದೆ ಹಿಂದೆ ಮುಂದೆ ಸರಿದು ಪೂರಾ ತಿರುಗಿ ನಿಂತಿತು. ಮೆನಾ ಕಣ್ಣು ಕೀಳದೆ ಅದನ್ನೇ ನೋಡುತ್ತಿದ್ದಳು. ಬಿಳಿ ಧೂಳು ನಿಧಾನವಾಗಿ ಇಳಿದು ಇಬ್ಬರ ಹೆಗಲ ಮೇಲೂ ಕೂತಿತು.